ಪುರಾಣವೆಂದು ಹಚ್ಚಿದ ಕಾದಂಬರಿ

ನಾನು ಮೊದಲಿನಿಂದಲೂ ಅಂಜುಬುರುಕಿ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುವುದನ್ನು ಮರೆತರೆ ಕೇಳಲಿಕ್ಕೂ ಅಂಜಿಕೆ, ಕೇಳದೆ ಕೂತರೆ ಚೆಕಿಂಗಿನವರು ಹತ್ತಿಯಾರು ಎಂದೂ ಅಂಜಿಕೆ. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಹೀಗೇ ಕಿಟಕಿಗೆ ಒತ್ತಿ ಕೂತು ಬರುತ್ತಿದ್ದೆ. ವಿದ್ಯಾನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದವರ ಕೊರಳಿಗೆ ಯಾರಿಗೂ ಬೇಡವಾದ ಕೆಲಸಗಳೆಲ್ಲ ಬೀಳುತ್ತವೆ. ನನ್ನ ಕೊರಳಿಗೆ ಬಿದ್ದದ್ದು ಲೈಬ್ರರಿ.

ಲೈಬ್ರರಿ ಅಂದರೆ ದೊಡ್ಡ ಕಲ್ಪನೆ ಬೇಡ. ಸ್ಟಾಫ್ ರೂಮಿಗೆ ಹತ್ತಿಕೊಂಡ ಒಂದು ಕೋಣೆ, ಗೋಡೆಗುಂಟ ಕಬ್ಬಿಣದ ಕಪಾಟುಗಳು, ನಡುವೆ ಒಂದು ಉದ್ದ ಮೇಜು. ಮಹಾಪುರುಷರ ಚರಿತ್ರೆಗಳು ಕಣ್ಣಿಗೆ ಕಾಣುವ ಎತ್ತರದಲ್ಲಿ, ವಿಜ್ಞಾನದವು ಅದರ ಕೆಳಗೆ, ಕಾದಂಬರಿಗಳು ತಳದಲ್ಲಿ, ಬೀಗದ ಒಳಗೆ. ಕೀಲಿಕೈ ಕೊಡುವಾಗ ಮುಖ್ಯಾಧ್ಯಾಪಕಿಯವರು ಕನ್ನಡಕದ ಮೇಲಿಂದ ನೋಡಿ ಹೇಳಿದರು, "ಮ್ಯಾಲಿನ್ವು ಯಾರಿಗೆ ಬೇಕಾದ್ರೂ ಕೊಡ್ರಿ. ಕೆಳಗಿನ್ವು ಕೊಡೂದಿದ್ರ ನೀವು ಓದಿ ನೋಡಿ, ನಿಮ್ಮ ಜವಾಬ್ದಾರಿ ಮ್ಯಾಲೆ ಕೊಡ್ರಿ." ಜವಾಬ್ದಾರಿ ಎಂಬ ಶಬ್ದ ಕೇಳಿದ ಕೂಡಲೇ ನಾನು ಮೊದಲನೆಯ ವರ್ಷ ಪೂರ್ತಿ ಆ ಬೀಗದೊಳಗಿನ ಒಂದು ಪುಸ್ತಕವನ್ನೂ ಯಾರಿಗೂ ಕೊಡಲಿಲ್ಲ.

ಆದರೆ ಓದಿದೆ. ಊಟದ ಬಿಡುವಿನಲ್ಲಿ ಬಾಗಿಲು ಮುಂದಕ್ಕೆ ಎಳೆದುಕೊಂಡು, ಡಬ್ಬಿಯಲ್ಲಿಯ ರೊಟ್ಟಿ ಮುರಿಯುತ್ತ, ಬೀಗದೊಳಗಿನ ಕಾದಂಬರಿಗಳನ್ನು ಒಂದೊಂದಾಗಿ ಓದಿ ಮುಗಿಸಿದೆ. ಹರಿದ ರಟ್ಟಿನವಕ್ಕೆ ಮನೆಯಿಂದ ಹಳೆಯ ಕ್ಯಾಲೆಂಡರಿನ ಹಾಳೆ ತಂದು ಹೊದಿಕೆ ಹಾಕಿದೆ. ಬಿಳಿಯ ಬದಿ ಹೊರಗೆ ಬರುವಂತೆ ಹಾಕುವುದು ಎಲ್ಲರಿಗೂ ರೂಢಿ. ಒಂದು ಹಾಳೆಯ ಬಿಳಿ ಬದಿಯ ತುಂಬ ನನ್ನ ತಂಗಿ ರಂಗೋಲಿ ಚುಕ್ಕಿ ಇಟ್ಟು ಗಲೀಜು ಮಾಡಿದ್ದಳು. ಆ ಒಂದು ಪುಸ್ತಕಕ್ಕೆ ಮಾತ್ರ ಚಿತ್ರದ ಬದಿಯನ್ನೇ ಹೊರಗೆ ಮಾಡಿದೆ. ನಂದಿಯ ಪಕ್ಕ ಕೂತ ಶಿವ-ಪಾರ್ವತಿಯರ ಚಿತ್ರ, ಒಳ್ಳೆ ದಪ್ಪ ಕಾಗದ.

ಆ ಪುಸ್ತಕ ಒಯ್ದ ಹುಡುಗಿ ಒಂಬತ್ತನೆಯ ಇಯತ್ತೆಯವಳು. ಹುಬ್ಬಳ್ಳಿಯ ಅಂಚಿನ ಗಬ್ಬೂರಿನಿಂದ ಬಸ್ಸಿಗೆ ಬರುತ್ತಿದ್ದಳು. ಅಪ್ಪನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಕಾಳಿನ ದಲಾಲಿ ಅಂಗಡಿ. ಲೈಬ್ರರಿಯ ತಾಸಿನಲ್ಲಿ ಉಳಿದವರು ಮೇಜಿನ ಕೆಳಗೆ ಪೇರಲ ಹಣ್ಣು ತಿನ್ನುತ್ತಿದ್ದರೆ ಇವಳು ಒಂದರ ಹಿಂದೆ ಒಂದು ಚರಿತ್ರೆ ಓದಿ ಬಿಸಾಕುತ್ತಿದ್ದಳು. ಒಂದು ದಿನ ಪುಸ್ತಕ ತಿರುಗಿ ಕೊಡುತ್ತ ಮುಖ ಸಿಂಡರಿಸಿದಳು.

"ಟೀಚರ್, ಇವೆಲ್ಲಾ ಒಂದ ಥರಾ ಅದಾವ್ರಿ. ಇದರಾಗ ಯಾರೂ ತಪ್ಪ ಮಾಡೂದಿಲ್ಲ."

"ದೊಡ್ಡವರಲ್ಲಾ, ಅದಕ್ಕ."

"ತಪ್ಪ ಮಾಡಿದವರ ಪುಸ್ತಕ ಇಲ್ಲೇನ್ರಿ?"

ನಾನು ನಕ್ಕುಬಿಟ್ಟೆ. ನಗಬಾರದಾಗಿತ್ತು, ನಕ್ಕ ಮೇಲೆ ಇಲ್ಲ ಅನ್ನುವುದು ಕಷ್ಟ. ಹದಿನಾಲ್ಕು ಹದಿನೈದರ ಹುಡುಗಿಗೆ ಯಾವ ಕಾದಂಬರಿ ಕೊಡಬೇಕು ಎಂಬುದಕ್ಕೆ ಈಗ ದೊಡ್ಡ ದೊಡ್ಡ ಕಮ್ಮಟಗಳಲ್ಲಿ ಮಾತಾಡುತ್ತಾರೆ, ನಾನೂ ಒಂದೆರಡರಲ್ಲಿ ಕೂತು ತಲೆಯಾಡಿಸಿ ಬಂದಿದ್ದೇನೆ. ಅಂದು ನನಗೆ ಇದ್ದ ಜ್ಞಾನ ಒಂದೇ: ಈ ಹುಡುಗಿಗೆ ಹಸಿವೆಯಾಗಿದೆ, ನನ್ನ ಬೀಗದೊಳಗೆ ಅನ್ನವಿದೆ. ಬೀಗ ತೆಗೆದು ಶಿವ-ಪಾರ್ವತಿಯರ ಹೊದಿಕೆಯ ಪುಸ್ತಕ ಕೊಟ್ಟೆ. ಹೊಳೆಯ ದಂಡೆಯ ಹಳ್ಳಿಯೊಂದರ ಹುಡುಗಿಯ ಕಥೆ ಅದು. ಅವಳು ಸಾಲಿಗೆ ಹೋಗುತ್ತಾಳೆ. ಯಾರೋ ಏನೋ ಅಂದರೆಂದು ಅಪ್ಪ ಸಾಲಿ ಬಿಡಿಸಿ ಕೋಣೆಯಲ್ಲಿ ಹಾಕಿ ಕೀಲಿ ಹಾಕುತ್ತಾನೆ. ಒಂದು ನಸುಕಿನಲ್ಲಿ ಅವಳು ಹಿತ್ತಿಲ ಬಾಗಿಲಿಂದ ಹೊರಬಿದ್ದು ಹೋಗಿಬಿಡುತ್ತಾಳೆ. ಕೊಟ್ಟದ್ದು ಹೇಳಿ ಕೇಳಿ ಶ್ರಾವಣದ ಮೊದಲ ವಾರ.

ಸೋಮವಾರ ಪ್ರಾರ್ಥನೆಯ ಗಂಟೆಗೂ ಮೊದಲೇ ಹುಡುಗಿ ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಟೀಚರ್, ಆಯಿ ಪುಸ್ತಕಕ್ಕ ಈಬತ್ತಿ ಹಚ್ಚಿದ್ಲ್ರಿ."

ಆಯಿ ಅಂದರೆ ಅವಳ ಅಜ್ಜಿ. ಓದು ಬಾರದ ಮುದುಕಿ. ಮೊಮ್ಮಗಳ ಪಾಟಿಚೀಲದಿಂದ ಇಣುಕುತ್ತಿದ್ದ ಶಿವ-ಪಾರ್ವತಿಯರನ್ನು ಕಂಡು ಕಣ್ಣಿಗೊತ್ತಿಕೊಂಡಿದ್ದಾರೆ. ಶ್ರಾವಣದಲ್ಲಿ ಅವರ ಮನೆಯಲ್ಲಿ ವರ್ಷವೂ ಪುರಾಣ ಹಚ್ಚುತ್ತಾರೆ, ಅಂದರೆ ದಿನಾ ಸಂಜೆ ದೀಪ ಹಚ್ಚಿ ಒಬ್ಬರು ಓದುವುದು, ಓಣಿಯ ಹೆಂಗಸರು ಕೂಡಿ ಕೇಳುವುದು. ವರ್ಷವೂ ಓದುತ್ತಿದ್ದ ಮುದುಕರಿಗೆ ಆ ವರ್ಷ ಕಣ್ಣಿನ ಆಪರೇಷನ್ ಆಗಿತ್ತು. ಸಾಲಿಯವರೇ ಪುರಾಣ ಕೊಟ್ಟು ಕಳಿಸಿದ್ದಾರೆಂದು ಅಜ್ಜಿಗೆ ಹಿಗ್ಗೋ ಹಿಗ್ಗು. ಪುಸ್ತಕವನ್ನು ಕಟ್ಟಿಗೆಯ ಪೀಠದ ಮೇಲಿಟ್ಟು, ವಿಭೂತಿ ಹಚ್ಚಿ, ದಾಸಾಳ ಏರಿಸಿ, ಹುಡುಗಿಯನ್ನು ಮುಂದೆ ಕೂರಿಸಿ ಓದು ಅಂದಿದ್ದಾರೆ.

"ಇದು ಪುರಾಣ ಅಲ್ಲ ಅನಬೇಕಿಲ್ಲೋ?" ಅಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಹ್ಯಾಂಗ ಅನ್ಲಿರಿ? ಅಪ್ಪಗ ಕಾದಂಬರಿ ಅಂದ್ರ ಆಗೂದಿಲ್ಲ. ಗೊತ್ತಾದ್ರ ಸಾಲಿ ಬಿಡಸ್ತಾನ್ರಿ."

ಇದು ಹುಡುಗಾಟದ ಮಾತಾಗಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವರ ಓಣಿಯ ಕಾಲೇಜು ಹುಡುಗಿಯೊಬ್ಬಳು ಯಾರೊಡನೆಯೋ ಹೋಗಿಬಿಟ್ಟಿದ್ದಳು. ಅಂದಿನಿಂದ ಆ ಓಣಿಯ ತಂದೆಯರಿಗೆ ನಿದ್ದೆ ಇರಲಿಲ್ಲ. ಎಂಟನೆಯದಕ್ಕೆ, ಒಂಬತ್ತನೆಯದಕ್ಕೆ ಸಾಲಿ ಬಿಡಿಸಿದವರು ಬಿಡಿಸಿದರು, ಮದುವೆ ಮಾಡಿದವರು ಮಾಡಿದರು. ಇವಳ ಅಪ್ಪ ಇನ್ನೂ ಯೋಚನೆಯಲ್ಲಿದ್ದರು. ಒಂದು ನೆಪ ಸಾಕಿತ್ತು, ಆ ನೆಪವನ್ನು ನಾನು ಹೊದಿಕೆ ಹಾಕಿ ಕೊಟ್ಟು ಕಳಿಸಿದ್ದೆ.

"ಪುಸ್ತಕ ತಿರುಗಿ ತಂದುಬಿಡು. ಟೀಚರ್ ಕೇಳ್ಯಾರ ಅಂತ ಹೇಳು."

"ಹಚ್ಚಿದ ಪುರಾಣ ನಡುವ ಬಿಟ್ರ ಮನಿಗೆ ಛಲೋ ಅಲ್ಲಂತ್ರಿ. ಕಡೀ ದಿನದ ಮಂಗಲ ಆಗೂತನಕ ಹೊಚ್ಚಲಾ ದಾಟಸಂಗಿಲ್ಲ ಅಂದ್ಲು ಆಯಿ."

ಹಾಗೆ ಶುರುವಾಯಿತು. ದಿನಾ ಮುಂಜಾನೆ ಅವಳು ಬಂದು ಹಿಂದಿನ ಸಂಜೆ ಎಲ್ಲಿಯವರೆಗೆ ಓದಿದೆನೆಂದು ಹೇಳುವುದು, ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳುವುದು. ಹುಡುಗಿ ಜಾಣೆ. ಪ್ರತಿ ಅಧ್ಯಾಯದ ಕೊನೆಗೆ ತಾನೇ ಒಂದು ಓಂ ನಮಃ ಶಿವಾಯ ಸೇರಿಸುತ್ತಿದ್ದಳು. ನಾಯಕಿ ಸಾಲಿಗೆ ಹೋಗುವಾಗ ದಾರಿಯಲ್ಲಿ ಒಂದು ಗುಡಿ ಕಟ್ಟಿಸಿ ಅವಳಿಂದ ಕೈ ಮುಗಿಸುತ್ತಿದ್ದಳು. ಕೇಳುವವರು ದಿನದಿಂದ ದಿನಕ್ಕೆ ಹೆಚ್ಚಾದರು. ಯಾವ ವರ್ಷವೂ ತೂಕಡಿಸದೆ ಪುರಾಣ ಕೇಳದ ಹೆಂಗಸರು ಈ ಸಲ ಚುರುಮುರಿ ಪುಠಾಣಿ ಪ್ರಸಾದ ಹಂಚಿದ ಮೇಲೂ ಏಳುತ್ತಿರಲಿಲ್ಲವಂತೆ. ಇನ್ನಾರದೋ ವಿಷಯವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆಗ ನನಗೆ ಅನ್ನ ಸೇರುತ್ತಿರಲಿಲ್ಲ. ಪಾಠ ಮಾಡುವಾಗ ಕಾರಿಡಾರಿನಲ್ಲಿ ಗಂಡಸಿನ ಚಪ್ಪಲಿ ಸಪ್ಪಳವಾದರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಕೈಯಿಂದ ಜಾರುತ್ತಿತ್ತು.

ಹಿತ್ತಿಲ ಬಾಗಿಲಿನ ಅಧ್ಯಾಯ ಹತ್ತಿರ ಬರುತ್ತಿತ್ತು. ಅದಕ್ಕೆ ಯಾವ ಗುಡಿ ಕಟ್ಟಿಸಿದರೂ ಸಾಲದು. ಮನೆ ಬಿಟ್ಟು ಹೋಗುವ ಹುಡುಗಿ, ಅದೂ ಆ ಓಣಿಯಲ್ಲಿ, ಆ ಅಪ್ಪನ ಮನೆಯಲ್ಲಿ. "ಅದನ್ನ ಬಿಟ್ಟು ಓದು. ದೇವರ ಯಾತ್ರಾಕ್ಕ ಹೋದಳು ಅಂತ ಓದು" ಅಂದೆ.

ಹುಡುಗಿ ಮೇಜಿನ ಮೇಲೆ ಉಗುರಿನಿಂದ ಗೀರುತ್ತ ನಿಂತಳು. "ಹಂಗ ಓದಿದ್ರ ಆಕಿಗೆ ಅನ್ಯಾಯ ಆಗತೈತ್ರಿ" ಅಂದಳು.

ನನಗೆ ಸಿಟ್ಟು ಬಂತು. ಪುಸ್ತಕದೊಳಗಿನ ಹುಡುಗಿಗೆ ಅನ್ಯಾಯವಾದರೆ ಆಗಲಿ, ಕಾಗದದ ಹುಡುಗಿ ಅವಳು, ನೀನು ಸಾಲಿಯಲ್ಲಿರಬೇಕು ಎಂದು ಬೈದೆ. ಬೈದು ಕಳಿಸಿದ ಮೇಲೆ, ಆ ಕಾಗದದ ಹುಡುಗಿಯನ್ನು ನಿಜವೆಂದು ಇವಳು ನಂಬುವಂತೆ ಮಾಡಿದ್ದೇ ನಾನು ಎಂದು ಹೊಳೆದು ಇನ್ನಷ್ಟು ದಿಗಿಲಾಯಿತು. ಮರುದಿನ ಅವಳು ಬರಲಿಲ್ಲ.

ಅದರ ಮರುದಿನವೂ ಇಲ್ಲ. ಹಾಜರಿ ಕರೆಯುವಾಗ ಅವಳ ಹೆಸರು ಬರುವ ಮೊದಲೇ ಅವಳ ಬೆಂಚಿನ ಕಡೆ ನೋಡುತ್ತಿದ್ದೆ. ನನಗೆ ಎರಡು ಅಂಜಿಕೆ. ಅಪ್ಪ ಅವಳನ್ನು ಕೋಣೆಯಲ್ಲಿ ಹಾಕಿರಬಹುದು ಎಂಬುದು ಒಂದು. ಇನ್ನೊಂದನ್ನು ನನಗೆ ನಾನೇ ಹೇಳಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ: ಪುಸ್ತಕದ ಹುಡುಗಿಯ ಹಾಗೆ ಇವಳೂ ಹಿತ್ತಿಲ ಬಾಗಿಲು ತೆಗೆದಿದ್ದರೆ? ಬಸ್ಸಿನಲ್ಲಿ ಹೋಗುವಾಗ ನವಲೂರಿನ ಹೊಲಗಳ ಕಡೆ ಯಾರಾದರೂ ಒಂಟಿ ಹುಡುಗಿ ನಡೆದು ಹೋಗುವುದು ಕಂಡರೆ ಕುತ್ತಿಗೆ ಹೊರಳಿಸಿ ಕಾಣುವವರೆಗೂ ನೋಡುತ್ತಿದ್ದೆ.

ಶುಕ್ರವಾರ ಅವಳ ಓಣಿಯ ಇನ್ನೊಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು ಸಣ್ಣ ದನಿಯಲ್ಲಿ ಹೇಳಿದಳು, "ಟೀಚರ್, ಆಕಿನ್ನ ಸಾಲಿ ಬಿಡಸ್ಯಾರ್ರಿ. ಅವರಪ್ಪಾರು ಅಂಗಡಿಯಿಂದ ಲಗೂ ಬಂದು ಪುರಾಣ ಕೇಳಿದ್ರಂತ್ರಿ. ಪುಸ್ತಕ ಇಸ್ಗೊಂಡು ನೋಡಿದ್ರಂತ. ಅವರ ಆಯಿ ನಿಮಗ ನಾಳಿ ಮನಿಗೆ ಬರ್ರಿ ಅಂದಾರ್ರಿ."

ಅವಳು ಮನೆಯಲ್ಲೇ ಇದ್ದಾಳೆ ಎಂದು ಕೇಳಿ ಒಂದು ಉಸಿರು ಬಿಟ್ಟೆ. ಉಳಿದದ್ದು ಆಮೇಲೆ ತಲೆಗೆ ಇಳಿಯಿತು. ಮುಖ್ಯಾಧ್ಯಾಪಕಿಯವರಿಗೆ ಹೇಳಲೇ ಎಂದು ಅವರ ಕೋಣೆಯವರೆಗೆ ಹೋಗಿ, ಪರದೆ ಮುಟ್ಟಿ, ತಿರುಗಿ ಬಂದೆ. ಗಬ್ಬೂರಿಗೆ ಹೋಗಲಿಕ್ಕೆ ಅಂಜಿಕೆಯಿತ್ತು. ಹೋಗದಿದ್ದರೆ ಅವರೇ ಸಾಲಿಗೆ ಬಂದಾರು ಎಂಬ ಅಂಜಿಕೆ ಅದಕ್ಕಿಂತ ದೊಡ್ಡದಿತ್ತು. ದೊಡ್ಡ ಅಂಜಿಕೆ ಸಣ್ಣ ಅಂಜಿಕೆಯನ್ನು ಕುತ್ತಿಗೆ ಹಿಡಿದು ಬಸ್ಸು ಹತ್ತಿಸಿತು.

ಶನಿವಾರ ಸಂಜೆ, ಹೆದ್ದಾರಿಯ ಲಾರಿಗಳ ಧೂಳು ಮುಖಕ್ಕೆ ಹೊಡೆಯುತ್ತಿದ್ದಾಗ, ಆ ಮನೆಯ ಬಾಗಿಲಲ್ಲಿ ನಿಂತೆ. ಪಡಸಾಲೆಯ ತುಂಬ ಹೆಂಗಸರು. ಗೋಡೆಯ ಹತ್ತಿರ ಪೀಠದ ಮೇಲೆ ನನ್ನ ಪುಸ್ತಕ, ಅದರ ಮೇಲೆ ವಿಭೂತಿ, ಬಾಡದ ದಾಸಾಳ. ಕಾದಂಬರಿಯೆಂದು ಗೊತ್ತಾದ ಮೇಲೂ ಅದನ್ನು ಅಲ್ಲಿಂದ ಯಾರೂ ಇಳಿಸಿರಲಿಲ್ಲ. ಹುಡುಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಬಾತಿದ್ದವು. ಅವಳ ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಎತ್ತರದ ಆಳು, ಬಿಳಿ ಅಂಗಿ, ಕೈಕಟ್ಟು.

"ಬರ್ರಿ ಟೀಚರ್" ಅಂದರು. "ಬೆಳೆಯೋ ಹುಡುಗಿಗೆ ಎಂಥಾ ಪುಸ್ತಕ ಕೊಟ್ರಿ ನೀವು? ನಿಮ್ಮ ತಂಗಿಗೆ ಇಂಥಾದ್ದು ಓದಸ್ತೀರೇನು?"

ನನ್ನ ತಂಗಿಯೇ ಅದನ್ನು ನನಗಿಂತ ಮೊದಲು ಓದಿದ್ದಳು. ನಾನು ಅದನ್ನು ಹೇಳುವ ಮೊದಲೇ ಅಜ್ಜಿ ಕೈಯೆತ್ತಿ ಮಗನನ್ನು ಸುಮ್ಮನಾಗಿಸಿದರು.

"ಅಕ್ಕಾರ, ಕೂಡ್ರಿ. ಪುರಾಣ ಇರ್ಲಿ, ಬಿಡ್ಲಿ, ದೀಪಾ ಹಚ್ಚಿ ಶುರು ಮಾಡೇವಿ. ಹಚ್ಚಿದ್ದು ಮುಗೀಬೇಕು. ಇಕಿ ಮುಟ್ಟಂಗಿಲ್ಲ ಅಂತ ಇವರಪ್ಪ ಆಣಿ ಹಾಕ್ಯಾನ. ನೀವ ಓದ್ರಿ."

ನಾನು ಅಪ್ಪನ ಮುಖ ನೋಡಿದೆ. "ಓದ್ರಿ. ಕೊಟ್ಟವರು ನೀವ, ಎಲ್ಲಾರ ಮುಂದ ನೀವ ಓದ್ರಿ" ಅಂದರು.

ಪುಸ್ತಕ ಬಿಡಿಸಿದೆ. ಕುರುಹಿಗೆ ಇಟ್ಟ ಬಿಲ್ವಪತ್ರೆ ಹಿತ್ತಿಲ ಬಾಗಿಲಿನ ಅಧ್ಯಾಯದಲ್ಲೇ ಇತ್ತು. ಎರಡು ಹಾಳೆ ಹಾರಿಸಿದರೆ ಈ ಮನೆಯಲ್ಲಿ ಇಬ್ಬರಿಗೆ ಬಿಟ್ಟು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪುಸ್ತಕ ಓದಿ ನೋಡಿದ್ದ ಅಪ್ಪನಿಗೆ ತಿಳಿದರೆ ಒಳ್ಳೆಯದೇ, ಎಲ್ಲರ ಮುಂದೆ ನಾಚಿ ನಾನೇ ಹಾರಿಸಲಿ ಎಂದೇ ಅವರು ಓದಿಸುತ್ತಿದ್ದರು. ಇನ್ನೊಬ್ಬಳು ಅಡಿಗೆಮನೆಯ ಬಾಗಿಲಲ್ಲಿದ್ದಳು. ನಾನು ಅವಳ ಕಡೆ ನೋಡಬಾರದೆಂದುಕೊಂಡೆ, ನೋಡಿದೆ. ಹಾಳೆ ಹಾರಿಸಲಿಕ್ಕೆ ಆಗಲಿಲ್ಲ.

ಓದಿದೆ. ಮೊದಮೊದಲು ತಡವರಿಸಿ ಒಂದೆರಡು ಸಾಲು ಎರಡು ಸಲ ಓದಿದೆ. ನಾಯಕಿ ಕತ್ತಲಲ್ಲಿ ಅಗಳಿ ತಡಕುವುದು, ಅದು ಕಿರ್ ಅಂದಾಗ ಅಪ್ಪನ ಕೆಮ್ಮು ಕೇಳಿಸಿ ಉಸಿರು ಹಿಡಿಯುವುದು, ಹಿತ್ತಿಲಲ್ಲಿ ಕಟ್ಟಿದ ಆಕಳು ಅವಳನ್ನು ಗುರುತಿಸಿ ತಲೆಯೆತ್ತುವುದು, ಹೊಳೆಯ ದಂಡೆಗುಂಟ ಬರಿಗಾಲಲ್ಲಿ ಹೋಗುವುದು. ಅಧ್ಯಾಯ ಮುಗಿದಾಗ ಓಂ ನಮಃ ಶಿವಾಯ ಅನ್ನಬೇಕೋ ಬೇಡವೋ ತಿಳಿಯದೆ ಬಿಲ್ವಪತ್ರೆಯನ್ನು ಮುಂದಿನ ಹಾಳೆಗೆ ಇಟ್ಟೆ. ಈಗ ನನ್ನನ್ನು ಹೊರಗೆ ಹಾಕುತ್ತಾರೆ, ಸೋಮವಾರ ಸಾಲಿಯಿಂದಲೂ ಹಾಕುತ್ತಾರೆ ಎಂದು ಮನಸ್ಸು ಅವಸರದಿಂದ ಲೆಕ್ಕ ಹಾಕುತ್ತಿತ್ತು.

ಅಜ್ಜಿ ಕೇಳಿದರು, "ಆ ದಿನಾ ಆಕಿ ಊಟಾ ಎಲ್ಲಿ ಮಾಡಿದ್ಲು?"

"ಅದನ್ನ... ಬರದಿಲ್ರಿ ಇದರಾಗ."

"ಬರದಾಂವ ಗಂಡಸ ಇರಬೇಕು" ಅಂದರು ಅಜ್ಜಿ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಪ್ಪ ನಗಲಿಲ್ಲ.

ಆಗ ಮೂಲೆಯಲ್ಲಿ ಕೂತು ಅರಳೆಯ ಬತ್ತಿ ಹೊಸೆಯುತ್ತಿದ್ದ ಹೆಂಗಸು ತಲೆಯೆತ್ತದೆ ಮಾತಾಡಿದರು. ಹುಡುಗಿಯ ತಾಯಿ ಅವರು. ನಾನು ಬಂದಾಗಿನಿಂದ ಅವರ ದನಿ ಕೇಳಿರಲಿಲ್ಲ.

"ಸಾಲಿಗೆ ಹೋಗತಿದ್ದಾಗ ಆಕಿ ದಿನಾ ಸಂಜಿಕೆ ಮನಿಗೆ ಬರತಿದ್ಲು. ಕೀಲಿ ಹಾಕಿದ ಮ್ಯಾಲೆ ಹೋದ್ಲು." ಬತ್ತಿಯನ್ನು ತಾಟಿನಲ್ಲಿಟ್ಟರು. ಆಮೇಲೆ ಗಂಡನ ಕಡೆ ಮುಖ ಮಾಡಿದರು. "ಕೇಳಿದ್ರಿಲ್ಲೋ? ಇಕಿನ್ನ ಸಾಲಿಗೆ ಕಳಸ್ರಿ. ಸಾಲಿಗೆ ಹೋದಾಕಿ ಸಂಜಿಕೆ ಮನಿಗೆ ಬರತಾಳ."

ನಾನು ಆ ಮನುಷ್ಯನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಅಷ್ಟು ಹೊತ್ತು ಸಿಟ್ಟು ಎಂದು ತಿಳಿದದ್ದು ಸಿಟ್ಟಾಗಿರಲಿಲ್ಲ. ತುಟಿ ಒಣಗಿತ್ತು, ಕಟ್ಟಿದ ಕೈಗಳು ತಮ್ಮ ತೋಳುಗಳನ್ನೇ ಗಟ್ಟಿಯಾಗಿ ಹಿಡಿದಿದ್ದವು. ಅಂಜಿಕೆ ನನಗೆ ದಿನದ ಪರಿಚಯದ್ದು, ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಆ ಪಡಸಾಲೆಯಲ್ಲಿ ನನಗಿಂತ ಹೆಚ್ಚು ಅಂಜಿದವರು ಅವರೇ ಆಗಿದ್ದರು.

"ಬರದಿದ್ರ?" ಅಂದರು ಅವರು. ಹೆಂಡತಿಯನ್ನು ಕೇಳಿದರು, ಆದರೆ ನೋಡಿದ್ದು ನನ್ನನ್ನು. ಎಲ್ಲರೂ ನನ್ನನ್ನೇ ನೋಡಿದರು.

"ಬರತಾಳ್ರಿ" ಅಂದೆ. "ದಿನಾ ಸಂಜಿಕೆ ನಾನ ಬಸ್ ಹತ್ತಿಸಿ ಕಳಸ್ತೇನಿ. ಜವಾಬ್ದಾರಿ ನಂದು." ಹಾಗೆ ಅಂದವಳು ನಾನೇ ಎಂದು ನನಗೆ ಧಾರವಾಡ ಮುಟ್ಟುವವರೆಗೂ ನಂಬಿಕೆ ಬರಲಿಲ್ಲ.

ಸೋಮವಾರ ಹುಡುಗಿ ಸಾಲಿಗೆ ಬಂದಳು. ಉಳಿದ ಅಧ್ಯಾಯಗಳನ್ನು ಅವಳೇ ಓದಿದಳಂತೆ, ಗುಡಿಗಳನ್ನು ಕಟ್ಟಿಸದೆ. ಮಂಗಲದ ದಿನ ಹೋಳಿಗೆ ಮಾಡಿ ನನಗೂ ಎರಡು ಕಳಿಸಿದ್ದರು.

ನಾನು ಕೊಟ್ಟ ಮಾತಿನಂತೆ ದಿನಾ ಸಂಜೆ ಬಸ್ ಸ್ಟಾಪಿನಲ್ಲಿ ಅವಳ ಜೋಡಿ ನಿಲ್ಲುತ್ತಿದ್ದೆ. ಬಸ್ಸು ತಡವಾದರೆ ಅಂಜಿಕೆ, ಬಂದು ಹೋದ ಮೇಲೆ ನಡುವೆ ಎಲ್ಲಾದರೂ ಇಳಿದಾಳು ಎಂಬ ಅಂಜಿಕೆ. ಮರುದಿನ ಹಾಜರಿಯಲ್ಲಿ ಅವಳ "ಪ್ರೆಸೆಂಟ್ ಟೀಚರ್" ಕೇಳುವವರೆಗೂ ಆ ಬಸ್ಸು ನನ್ನ ತಲೆಯೊಳಗೆ ಓಡುತ್ತಿತ್ತು. ಯಾರಾದರೂ ಹುಡುಗ ಸೈಕಲ್ ನಿಧಾನ ಮಾಡಿದರೆ ನಾನು ಕೈಕಟ್ಟಿ ದಿಟ್ಟಿಸಿ ನೋಡುತ್ತಿದ್ದೆ. ಅವಳು ಇನ್ನೊಂದು ಕಾದಂಬರಿ ಕೇಳಿದಾಗ ಕೊಟ್ಟೆ, ಆದರೆ ಅದರಲ್ಲಿ ಯಾರೂ ಮನೆ ಬಿಟ್ಟು ಹೋಗುವುದಿಲ್ಲ ಎಂದು ಮತ್ತೊಮ್ಮೆ ಪೂರ್ತಿ ಓದಿ ನೋಡಿ ಕೊಟ್ಟೆ.

ದೀಪಾವಳಿ ಸೂಟಿಯ ಹಿಂದಿನ ದಿನ ಸ್ಟಾಪಿನಲ್ಲಿ ನಿಂತಾಗ ಅವಳು ನನ್ನ ಕಟ್ಟಿದ ಕೈಗಳನ್ನು ನೋಡಿದಳು.

"ಟೀಚರ್, ನೀವು ಥೇಟ್ ಅಪ್ಪನ್ಹಂಗ ನಿಲ್ಲಾಕತ್ತೀರಿ."

ಕೈ ಬಿಟ್ಟೆ. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ನಾ ಓಡಿ ಹೋಗತೇನಿ ಅಂತ ಅಂಜಿಕಿ ಏನ್ರಿ ನಿಮಗ?"

ಇಲ್ಲ ಅನ್ನಬೇಕಿತ್ತು. ಅವಳ ಮುಂದೆ ಸುಳ್ಳು ಹೇಳುವುದು ಹಾಳೆ ಹಾರಿಸಿದಂತೆ ಅನ್ನಿಸಿತು. "ಹೌದವಾ" ಅಂದೆ.

ಅವಳು ಸಿಟ್ಟಾಗಲಿಲ್ಲ. ದೂರದಲ್ಲಿ ಬಸ್ಸು ಕಂಡಿತು, ಚೀಲ ಹೆಗಲಿಗೆ ಏರಿಸಿಕೊಂಡಳು. "ನಾ ಮನಿಗೆ ಹೋಗತೇನ್ರಿ ಟೀಚರ್. ನೀವೂ ಹೋಗ್ರಿ, ಧಾರವಾಡ ಮುಟ್ಟೂದ್ರಾಗ ಕತ್ತಲಾಗತೈತಿ" ಅಂದು ಹತ್ತಿ ಹೋದಳು.

ಸೂಟಿ ಮುಗಿದ ಮೇಲೆ ನಾನು ಸ್ಟಾಪಿಗೆ ಹೋಗುವುದನ್ನು ಬಿಟ್ಟೆ. ಸ್ಟಾಫ್ ರೂಮಿನ ಕಿಟಕಿಯಿಂದ ಸ್ಟಾಪು ಕಾಣುತ್ತಿತ್ತು. ಅವಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ, ಅವಳಿಗೆ ಕಾಣದಂತೆ ಪರದೆಯ ಹಿಂದೆ ನಿಂತು, ಬಸ್ಸು ಬರುವವರೆಗೂ ನೋಡುತ್ತಿದ್ದೆ.